ತ್ವಾಂಟೆಗೆ ಒಂದು ದಿನ: ಮಕ್ಕಳಿಗೆ ಹಳೇ ಬಟ್ಟೆ ಹಾಕಿ ಕಳಿಸಿ

ಪ್ರಿಯ ಪೋಷಕರೇ, ನಮಸ್ಕಾರ.

ಮಕ್ಕಳನ್ನು ಯಾಂಗೂನಿನಿಂದ ಮ್ಯಾನ್ಮಾರಿನ ಕುಂಬಾರರ ಊರು ತ್ವಾಂಟೆಗೆ ಒಂದು ದಿನದ ಪ್ರವಾಸ ಕರೆದೊಯ್ಯುವ ಬಗ್ಗೆ ಶಾಲೆಯ ಇಂಗ್ಲಿಷ್ ಸುತ್ತೋಲೆ ಎಲ್ಲರಿಗೂ ಸಿಕ್ಕಿದೆ. ಆದರೂ ನಮ್ಮ ಕನ್ನಡದ ಮನೆಗಳಿಂದ ಫೋನಿನ ಮೇಲೆ ಫೋನು. ನದಿ ದಾಟಬೇಕಾ ಮೇಡಂ, ಊಟಕ್ಕೇನು ಮೇಡಂ, ಮಡಕೆ ನೋಡೋಕೆ ಅಷ್ಟು ದೂರ ಯಾಕೆ ಮೇಡಂ. ಒಬ್ಬೊಬ್ಬರಿಗೇ ಹೇಳೋ ಬದಲು ಕನ್ನಡದಲ್ಲೇ ಬರೆದುಬಿಡೋಣ ಅನಿಸಿತು.

ಮೊದಲು ಯಾಂಗೂನ್ ನದಿ ವಿಷಯ. ಹೌದು, ದಾಟಬೇಕು. ಪನ್ಸೊಡನ್ ಜೆಟ್ಟಿಯಿಂದ ದೊಡ್ಡ ಫೆರಿಯಲ್ಲಿ ಆಚೆ ದಡದ ದಲಾಗೆ ಹತ್ತೇ ನಿಮಿಷ. ಸಣ್ಣ ದೋಣಿಗೆ ಯಾರನ್ನೂ ಹತ್ತಿಸುವುದಿಲ್ಲ. ಪ್ರತಿ ಮಗುವಿಗೂ ಲೈಫ್ ಜಾಕೆಟ್ ಇರುತ್ತೆ, ಐದು ಮಕ್ಕಳಿಗೆ ಒಬ್ಬರು ಟೀಚರ್. ಫೆರಿ ಹತ್ತುವ ಮುಂಚೆ ಪನ್ಸೊಡನ್ ಬೀದಿಯಲ್ಲಿ ಐರಾವತಿ ಫ್ಲೋಟಿಲ್ಲಾ ಕಂಪನಿಯ ಹಳೇ ಕಟ್ಟಡದ ಮುಂದೆ ಸ್ವಲ್ಪ ನಿಲ್ಲುತ್ತೇವೆ. ಬ್ರಿಟಿಷರ ಕಾಲದಲ್ಲಿ 600ಕ್ಕೂ ಜಾಸ್ತಿ ಹಡಗು, ದೋಣಿ ಇದ್ದ ಕಂಪನಿ ಅದು. 1942ರಲ್ಲಿ ಜಪಾನಿನವರ ಕೈಗೆ ಸಿಗಬಾರದು ಅಂತ ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಈ ಕಥೆ ಕೇಳಿದ ಮೇಲೆ ಮಕ್ಕಳು ನದಿಯನ್ನು ಬೇರೆ ಥರ ನೋಡುತ್ತಾರೆ, ನನಗೆ ಗೊತ್ತು.

ದಲಾದಿಂದ ತ್ವಾಂಟೆಗೆ ಬಸ್ಸು. ಅಲ್ಲಿನ ಕುಂಬಾರರ ಕೇರಿಗೆ ಓಬೊ ಅಂತ ಹೆಸರು. ತಗ್ಗು ಸೂರಿನ ದೊಡ್ಡ ದೊಡ್ಡ ಚಪ್ಪರ, ಒಳಗೆ ನಸುಗತ್ತಲೆ, ನೆಲದ ತುಂಬಾ ಹಸಿ ಮಡಕೆಯ ಸಾಲು. ಒಬ್ಬರು ತಿಗರಿ ತಿರುಗಿಸುತ್ತಾ ಇದ್ದರೆ ಇನ್ನೊಬ್ಬರು ಮಣ್ಣು ಎತ್ತುತ್ತಾರೆ. ಇಬ್ಬರ ನಡುವೆ ಮಾತೇ ಇರಲ್ಲ, ವೇಗ ಮಾತ್ರ ಒಂದೇ ಸಮ. ಪಕ್ಕದಲ್ಲೇ ಸೌದೆ ಹಾಕಿ ಉರಿಸುವ ಇಟ್ಟಿಗೆಯ ಆವಿಗೆ, ಅದರೊಳಗೆ ನಮ್ಮ ಮಕ್ಕಳು ಬಗ್ಗದೆ ನೆಟ್ಟಗೆ ನಡೆದು ಹೋಗಬಹುದು, ಅಷ್ಟು ದೊಡ್ಡದು. ಮಳೆಗಾಲದಲ್ಲಿ ಮಡಕೆ ಒಣಗುವುದಿಲ್ಲ, ಅದಕ್ಕೇ ಡಿಸೆಂಬರ್ ತನಕ ಕಾದಿದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಆ ಚಪ್ಪರದೊಳಗೆ ಮೂವತ್ತು ಮಕ್ಕಳು ಬ್ಯಾಗ್ ಹಾಕಿಕೊಂಡು ತಿರುಗಾಡಿದರೆ ಏನಾಗುತ್ತೆ ಯೋಚಿಸಿ. ಹಾಗಾಗಿ ಬೆನ್ನಿನ ಬ್ಯಾಗ್ ಬೇಡವೇ ಬೇಡ.

ಮಡಕೆಯಲ್ಲಿ ನೋಡೋದೇನಿದೆ ಅಂದವರಿಗೆ ಒಂದು ಮಾತು. ಹಿಂದಿಯವರು ಉಪ್ಪಿನಕಾಯಿ ಜಾಡಿಗೆ ಮರ್ತಬಾನ್ ಅಂತಾರಲ್ವಾ, ಆ ಹೆಸರು ಬಂದಿದ್ದು ಈ ದೇಶದ ಮಾರ್ತಬಾನ್ ಬಂದರಿನಿಂದ, ಈಗಿನ ಮೊತ್ತಮ. ಇಲ್ಲಿನ ಹೊಳಪು ಜಾಡಿಗಳು ಅಷ್ಟು ದೂರದವರೆಗೂ ಹಡಗಿನಲ್ಲಿ ಹೋಗುತ್ತಿದ್ದವು. ಇನ್ನೊಂದು, ನಿಮ್ಮ ಮನೆ ಹತ್ತಿರದ ಬೀದಿಯಲ್ಲೇ ಇರಬಹುದು: ಮರದ ಗೂಡಿನಲ್ಲಿ ನೀರು ತುಂಬಿದ ಮಡಕೆ, ಮೇಲೊಂದು ಲೋಟ, ಯಾರು ಬೇಕಾದರೂ ಕುಡಿಯಬಹುದು. ಯೇ-ಓ-ಸಿನ್ ಅಂತಾರೆ. ನಮ್ಮೂರಿನ ಅರವಟ್ಟಿಗೆಯೇ ಅದು! ನಾನು ಯಾಂಗೂನಿಗೆ ಬಂದ ಮೊದಲ ಬೇಸಿಗೆಯಲ್ಲಿ ಅದನ್ನು ನೋಡಿ, ಬೇಕಿಲ್ಲದಿದ್ದರೂ ಒಂದು ಲೋಟ ಕುಡಿದಿದ್ದೆ.

ಆಮೇಲೆ ಕಾಲುವೆ ದಂಡೆ. ಐರಾವತಿಯ ಮುಖಜ ಭೂಮಿಯನ್ನು ಯಾಂಗೂನ್ ನದಿಗೆ ಸೇರಿಸಲು ಬ್ರಿಟಿಷರ ಕಾಲದಲ್ಲಿ ತೋಡಿದ ತ್ವಾಂಟೆ ಕಾಲುವೆ, ಸುಮಾರು 35 ಕಿಲೋಮೀಟರ್ ಉದ್ದ. ಮಡಕೆಗಳು ಊರೂರಿಗೆ ಹೋಗುತ್ತಿದ್ದದ್ದು ಈ ನೀರಿನ ದಾರಿಯಲ್ಲೇ. ಪ್ಲಾಸ್ಟಿಕ್ ಡ್ರಮ್ಮು ಬಂದ ಮೇಲೆ ಆ ವ್ಯಾಪಾರ ಕುಗ್ಗಿದೆ. ಕುಂಬಾರರನ್ನೇ ಆ ಬಗ್ಗೆ ಕೇಳಿ ಅಂತ ಮಕ್ಕಳಿಗೆ ಹೇಳಿದ್ದೇನೆ, ಬರ್ಮೀಸ್ ಭಾಷೆಯಲ್ಲೇ ಕೇಳಬೇಕು. ಶ್ವೇಸಂದೊ ಪಗೋಡವನ್ನೂ ನೋಡುತ್ತೇವೆ. ಅಲ್ಲಿ ಶೂ ಜೊತೆ ಸಾಕ್ಸ್ ಕೂಡ ಬಿಚ್ಚಬೇಕು, ಆದ್ದರಿಂದ ಚಪ್ಪಲಿ ಹಾಕಿ ಕಳಿಸಿದರೆ ಸಾಕು.

ಊಟ. ಮೊಹಿಂಗಾ ಅನ್ನೋ ಇಲ್ಲಿನ ಶಾವಿಗೆ ಸಾರು ಮೀನಿನದ್ದು, ಸಲಾಡಿನಲ್ಲೂ ಒಣಸೀಗಡಿ ಪುಡಿ ಬಿದ್ದಿರುತ್ತೆ. ಸಸ್ಯಾಹಾರಿ ಮಕ್ಕಳಿಗೆ ಬುತ್ತಿ ಕಟ್ಟಿಕೊಡಿ, ಚಿತ್ರಾನ್ನವೋ ಚಪಾತಿಯೋ. ಜೊತೆಗೆ ತೆತ್-ತತ್-ಲುತ್ ಅನ್ನೋ ಮಾತು ಕಲಿಸಿ ಕಳಿಸಿ, ಜೀವ ಕೊಲ್ಲದ ಊಟ ಅಂತ ಅರ್ಥ. ಜಗಳ ಮಾಡದೆ ಕೆಲಸ ಆಗುತ್ತೆ.

ಬಟ್ಟೆ ಹಳೇದಿರಲಿ. ಮಕ್ಕಳೂ ತಿಗರಿ ಮೇಲೆ ಕೈ ಇಡುತ್ತಾರೆ, ಮೊಣಕೈವರೆಗೂ ಮಣ್ಣಾಗುತ್ತಾರೆ. ಫೋನ್ ಬೇಡ, ಫೋಟೋ ನಾವೇ ಕಳಿಸುತ್ತೇವೆ. ಅವರು ಮಾಡಿದ್ದು ಸುಟ್ಟು ಬರಲು ಕೆಲವು ವಾರ ಬೇಕು. ಬಂದಾಗ ಅದು ಸೊಟ್ಟಗೇ ಇರುತ್ತೆ. ದಯವಿಟ್ಟು ನಗಬೇಡಿ, ಎಸೆಯಬೇಡಿ. ಹೋದ ಸಲ ಒಬ್ಬ ಹುಡುಗ ನನ್ನ ರೂಮಿಗೆ ಬಂದು ಅತ್ತಿದ್ದ.

ಹೊರಡುವುದು ಡಿಸೆಂಬರ್ ಎರಡನೇ ಶನಿವಾರ, ಬೆಳಿಗ್ಗೆ ಏಳಕ್ಕೆ ಶಾಲೆಯ ಗೇಟಿನಿಂದ. ಊರಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಸಂಜೆ ನಾಲ್ಕಕ್ಕೆ ವಾಪಸ್ ಬಂದಿರುತ್ತೇವೆ, ತಡ ಮಾಡುವುದಿಲ್ಲ. ಹಿಂದಿನ ದಿನ ಏನಾದರೂ ಗಲಾಟೆ ಸುದ್ದಿ ಬಂದರೆ ಪ್ರವಾಸ ಮುಂದಕ್ಕೆ. ಸಹಿ ಮಾಡಿದ ಚೀಟಿ ಶುಕ್ರವಾರದೊಳಗೆ ಕ್ಲಾಸ್ ಟೀಚರ್ ಕೈಗೆ ಸೇರಲಿ. ಜೊತೆಗೆ ಬರಲು ಇಬ್ಬರು ಪೋಷಕರು ಬೇಕು, ಬರ್ಮೀಸ್ ಚೆನ್ನಾಗಿ ಬಲ್ಲವರಿದ್ದರೆ ಇವತ್ತೇ ಹೇಳಿ.

ನಿಮ್ಮ,
ಮುಖ್ಯೋಪಾಧ್ಯಾಯಿನಿ