ಮೈನಸ್ ಕೀ ರಿಪೇರಿಗೆಂದು ಕೊಟ್ಟ ಲ್ಯಾಪ್‌ಟಾಪ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಲ್ಯಾಪ್‌ಟಾಪ್ ಸೇವಾ ಕೇಂದ್ರ, ದಾವಣಗೆರೆ

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಸಾಹೇಬರು ಊಟಕ್ಕೆ ಹೋಗಿದ್ದಾರೆ" ಎಂಬ ಉತ್ತರ ಬಂತು. ಅದರಲ್ಲೊಂದು ಬೆಳಿಗ್ಗೆ ಹತ್ತೂವರೆಗೆ. ಆದ್ದರಿಂದ ಈ ಪತ್ರ.

ನಾನು ರಸಾಯನಶಾಸ್ತ್ರ ಕಲಿಸುವವಳು. ಕ್ರಿಯೆಗಳ ಶಕ್ತಿ ರೇಖಾಚಿತ್ರಗಳನ್ನು ಟರ್ಮಿನಲ್‌ನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆಯಲ್ಲೇ, ಬರೆಯುತ್ತೇನೆ. ಕಡತದಲ್ಲಿ ಪ್ರತಿ ಸ್ಥಿತಿಯ ಹೆಸರು, ಪಕ್ಕದಲ್ಲಿ ಅದರ ಶಕ್ತಿ; ಒಂದು ಸಾಲಿನ ಕಮಾಂಡ್ ಕೊಟ್ಟರೆ ಅಡ್ಡಗೆರೆಗಳೂ ಅವನ್ನು ಕೂಡಿಸುವ ಚುಕ್ಕೆಗೆರೆಗಳೂ ಮೂಡುತ್ತವೆ. ಮೈನಸ್ ಬೀಳದಿದ್ದರೆ ಶಾಖ ಹೊರಬಿಡುವ ಬಹಿರುಷ್ಣಕ ಕ್ರಿಯೆ ಶಾಖ ಹೀರುವ ಅಂತರುಷ್ಣಕವಾಗುತ್ತದೆ. ನಿಮಗೆ ಒಪ್ಪಿಸಿದ್ದು ಆ ಒಂದು ಕೀ ಮಾತ್ರ.

ಸೋಮವಾರ ಕೌಂಟರಿನಲ್ಲಿ ನಿಮ್ಮ ಹುಡುಗ ಹೇಳಿದ: "ಆಂಟಿ, ಕಪ್ಪು ಪರದೆ ಬರುತ್ತಿತ್ತು. ವೈರಸ್. ಎಲ್ಲ ತೆಗೆದು ವಿಂಡೋಸ್ ಹಾಕಿದ್ದೇವೆ." ಅದು ಲಿನಕ್ಸ್, ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯವ್ಯವಸ್ಥೆ, ಅದರಲ್ಲಿ ನನ್ನ ಕಡತಗಳಿದ್ದವು ಎಂದೆ. "ಗ್ರಾಫ್ ತಾನೇ? ಎಕ್ಸೆಲ್‌ನಲ್ಲಿ ಎರಡೇ ನಿಮಿಷ" ಎಂದು ಅಲ್ಲೇ ಕುಳಿತ. ಕ್ರಿಯಾಕಾರಿಗೆ ಸೊನ್ನೆ, ಕ್ರಿಯೆ ದಾಟಬೇಕಾದ ಶಿಖರವಾದ ಸಂಕ್ರಮಣ ಸ್ಥಿತಿಗೆ 92, ಕೊನೆಗೆ ಉತ್ಪನ್ನಕ್ಕೆ ಮೈನಸ್ 40 ಎಂದು ಹೇಳಿಕೊಟ್ಟೆ. ಮೈನಸ್ ಬೀಳಲೇ ಇಲ್ಲ. ಉತ್ಪನ್ನ ಹೋಗಿ ಕ್ರಿಯಾಕಾರಿಯ ತಲೆಯ ಮೇಲೆ ಕುಳಿತಿತು. ಸಾಲದೆಂದು ಗೆರೆಯನ್ನು ನಯಗೊಳಿಸಿದ. ಅದು ಸಂಕ್ರಮಣ ಸ್ಥಿತಿಯನ್ನೂ ಮೀರಿ ಬಲಕ್ಕೆ ಒಂದು ಡುಬ್ಬ ಎಬ್ಬಿಸಿತು. "ಈಗ ಚೆಂದ ಕಾಣುತ್ತದೆ ನೋಡಿ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರುವವರು ಯಾರಾದರೂ ಇದ್ದರೆ ಮುಂದಿನ ಸಲ ಅವರನ್ನು ಕಳಿಸಿ." ನನ್ನ ಬೆನ್ನ ಹಿಂದೆಯೇ ನನ್ನ ಬಿ.ಎಸ್ಸಿ. ವಿದ್ಯಾರ್ಥಿ ಚಾರ್ಜರ್ ಹಿಡಿದು ನಿಂತಿದ್ದ. ಅವನು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು.

ಹೋದದ್ದು ಎರಡು ವರ್ಷದ ಲೆಕ್ಕ. ಹಾರ್ಟ್ರೀ ಎಂಬ ಶಕ್ತಿಯ ಮಾನದಲ್ಲಿದ್ದ ಅಂಕಿಗಳನ್ನು 2625.5ರಿಂದ ಗುಣಿಸಿ ಮೋಲ್‌ಗೆ ಇಷ್ಟು ಕಿಲೋಜೌಲ್ ಎಂದು ಬರೆದಿಟ್ಟ ಸಾಲುಗಳು. ನಕಲು ಇರಲಿಲ್ಲವೇ ಎನ್ನುತ್ತೀರಿ. ಇದೆ, ಹಳೆಯ ಜನವರಿಯದು. ಆ ತಪ್ಪು ನನ್ನದು. ಆದರೆ ಕೇಳದೆ ಎಲ್ಲ ಅಳಿಸಿದ ತಪ್ಪು ನಿಮ್ಮದು.

ಡಿಸ್ಕ್‌ನಲ್ಲಿ ಅಳಿಸಿಹೋದ ಕಡತಗಳ ಜಾಗದ ಮೇಲೆ ಇನ್ನೇನೂ ಬರೆಯಲ್ಪಡದಿರಲಿ ಎಂದು ಲ್ಯಾಪ್‌ಟಾಪನ್ನು ಅಂದಿನಿಂದ ಆನ್ ಮಾಡಿಲ್ಲ. ಏಳು ದಿನದೊಳಗೆ, ಬಲ್ಲವರಿಂದ, ನಿಮ್ಮ ಖರ್ಚಿನಲ್ಲಿ ಕಡತಗಳನ್ನು ಮರಳಿ ತೆಗೆಸಿಕೊಡಿ. ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ರಜೆಯೂ ನನಗೆ ಬೇಕಾದಷ್ಟಿದೆ. ನಿಮ್ಮ ಹುಡುಗ ಎಳೆದ ಆ ಗೆರೆಯ ಫೋಟೊ ನನ್ನ ಮೊಬೈಲ್‌ನಲ್ಲಿದೆ. ದೊಡ್ಡದಾಗಿ ಮುದ್ರಿಸಿ ಮೊದಲ ಸಾಕ್ಷ್ಯವಾಗಿ ಅದನ್ನೇ ಇಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
(ಆಂಟಿ ಅಲ್ಲ)