ಎಣ್ಣೆ ಕಾಯಿಸಿದ್ದಾಯಿತು, ನೀನು ಸಾಗರಕ್ಕೆ ಹೋಗಿ ಬಾ

ಮ್ಯೂನಿಕ್,
ಫೆಬ್ರವರಿ, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನಿಲ್ಲಿ ಕ್ಷೇಮ. ನೀನು, ಅಪ್ಪ, ಅಜ್ಜಿ, ಗೌರಿ ಮತ್ತು ಅವಳ ಕರು ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ರಘು ಭಾವನ ಕೈಲಿ ಕಳಿಸಿದ ಗಂಟು ತಲುಪಿತು. ಒಣಗಿಸಿದ ಗರುಗದ (ಭೃಂಗರಾಜದ) ಸೊಪ್ಪು, ನೆಲ್ಲಿಚಟ್ಟು, ಮೆಂತ್ಯ, ಅದರಡಿ ನಿನ್ನ ಪತ್ರ.

ಪತ್ರ ತುಂಬಾ ನನ್ನ ತಲೆಯದೇ ಮಾತು. ವಿಡಿಯೋ ಕಾಲ್‌ನಲ್ಲಿ ಬೈತಲೆ ಅಗಲವಾಗಿ ಕಂಡಿತಂತೆ, ಹೀಗೇ ಆದರೆ ಗಂಡಿನ ಕಡೆಯವರು ಏನಂದಾರು ಅಂತೆ. ಕೊನೆಯಲ್ಲಿ, ಜಾಗ ಉಳಿದಿದೆ ಅಂತ ತುಂಬಿಸಿದ ಹಾಗೆ, ನಿನ್ನ ವಿಷಯ ಎರಡೇ ಸಾಲು: "ನಂಗೂ ಬಾಚಣಿಗೆ ತುಂಬ ಕೂದಲು ಬರ್ತಿದೆ. ಸುಸ್ತು ಜಾಸ್ತಿ, ವಯಸ್ಸಾಯ್ತಲ್ಲ." ಆ ಎರಡು ಸಾಲಿಗೇ ಈ ಉತ್ತರ. ಫೋನಿನಲ್ಲಿ ಕೇಳಿದರೆ ನೀನು ಮಾತನ್ನು ಅಡಿಕೆ ರೇಟಿನ ಕಡೆ ತಿರುಗಿಸುತ್ತೀಯ. ಪತ್ರದ ಹತ್ತಿರ ಅದು ನಡೆಯಲ್ಲ.

ಮೊದಲು ನನ್ನದು ಮುಗಿಸಿಬಿಡುತ್ತೇನೆ. ನವೆಂಬರಿನಲ್ಲಿ ಜ್ವರ ಬಂದು ಮಲಗಿದ್ದು ನಿನಗೆ ಗೊತ್ತೇ ಇದೆ. ಜೋರು ಜ್ವರ ಬಂದರೆ ಎರಡು ಮೂರು ತಿಂಗಳು ಕಳೆದ ಮೇಲೆ ಕೂದಲು ಉದುರುತ್ತದೆ, ಆಮೇಲೆ ತಾನಾಗಿಯೇ ನಿಂತು ಹೊಸದು ಬರುತ್ತದೆ ಅಂತ ಇಲ್ಲಿನ ಡಾಕ್ಟರ್ ಹೇಳಿದರು. ಎಲ್ಲ ಸರಿ ಇದ್ದವರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲಿಯಂತೆ. ಹಾಗಾಗಿ ನನ್ನ ತಲೆ ಬೋಳಾಗುವುದಿಲ್ಲ. ಜೊತೆಗೆ ಇಲ್ಲಿನ ನೀರು ಗಡಸು. ಆಲ್ಪ್ಸ್ ಬೆಟ್ಟದ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ ಬರುವ ನೀರು, ಕುಡಿಯಲು ಬಲು ರುಚಿ. ನಲ್ಲಿ ನೀರನ್ನೇ ಕುಡಿಯುತ್ತೇವೆ ಅಂತ ಊರವರಿಗೆಲ್ಲ ಹೆಮ್ಮೆ. ಆದರೆ ಸುಣ್ಣದಂಶ ಜಾಸ್ತಿ, ನೀರು ಕಾಯಿಸುವ ಕೆಟಲಿಗೆ ಬೇಗನೆ ಬಿಳಿ ಪೊರೆ ಕಟ್ಟುತ್ತದೆ. ತಲೆಗೆ ಸ್ನಾನ ಮಾಡಿದರೆ ಕೂದಲು ತೆಂಗಿನ ನಾರಿನ ಹಾಗೆ ನಿಲ್ಲುತ್ತದೆ. ತಲೆಗೆ ಹಾಕಲು ದಾಸವಾಳ ಸೊಪ್ಪಿನ ಲೋಳೆ ಗಂಪು ಇಲ್ಲಿ ಎಲ್ಲಿಂದ ತರಲಿ?

ಎಣ್ಣೆ ಕಾಯಿಸಿದೆ. ನೀನು ಬರೆದ ಹಾಗೇ. ಆದರೆ ನೀನು ಬರೆದದ್ದು ಹಸಿ ಗರುಗದ ರಸಕ್ಕೆ, ಕಳಿಸಿದ್ದು ಒಣ ಸೊಪ್ಪು. ಒಣಗಿದ್ದರಿಂದ ಏನು ರಸ ಹಿಂಡಲಿ? ಅದಕ್ಕೆ ಸೊಪ್ಪನ್ನು ಕುದಿಸಿ, ಬತ್ತಿಸಿ, ಸೋಸಿ ಒಂದು ಲೀಟರ್ ಕಷಾಯ ಮಾಡಿಕೊಂಡೆ. ಎಣ್ಣೆ ಕಾಲು ಲೀಟರ್. ನೆನೆಸಿದ ಮೆಂತ್ಯ, ನೆಲ್ಲಿಚಟ್ಟು, ಕರಿಬೇವು ಸೇರಿಸಿ ಅರೆದ ಮುದ್ದೆ 60 ಗ್ರಾಂ ಆಸುಪಾಸು. ಮುದ್ದೆ ಒಂದು ಪಾಲು, ಎಣ್ಣೆ ನಾಲ್ಕು, ಕಷಾಯ ಹದಿನಾರು, ಅಜ್ಜಿಯ ಲೆಕ್ಕ ಸರಿಯಾಯಿತು ಅಲ್ವಾ? ಆಯುರ್ವೇದದವರ ಲೆಕ್ಕವೂ ಇದೇ. ಅಜ್ಜಿಗೆ ಹೇಳು, ಬೀಗುತ್ತಾಳೆ.

ಕರಿಬೇವನ್ನು ಇಂಡಿಯನ್ ಅಂಗಡಿಯಿಂದ ತಂದೆ. ಬೆಲೆ ಕೇಳಬೇಡ, ಹಿತ್ತಲ ಗಿಡಕ್ಕೆ ನಮಸ್ಕಾರ ಮಾಡುತ್ತೀಯ. ಮುಂದಿನ ಸಲ ಹಸಿ ಸೊಪ್ಪು ಕಳಿಸುತ್ತೇನೆ ಅಂದಿದ್ದೀಯ, ಖಂಡಿತ ಬೇಡ. 2019ರ ಡಿಸೆಂಬರ್‌ನಿಂದ ಯುರೋಪಿಗೆ ಹಸಿ ಸೊಪ್ಪು, ಹಣ್ಣು, ಗಿಡ ತರಬೇಕಾದರೆ ಸರ್ಕಾರದ ರೋಗಮುಕ್ತ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಬೇಡ. ರಘು ಭಾವ ಏರ್‌ಪೋರ್ಟಿನಲ್ಲಿ ಕರಿಬೇವು ಹಿಡಿದುಕೊಂಡು ನಿಲ್ಲುವುದು ನನಗೆ ಬೇಡ.

ದಾಸವಾಳದ್ದು ಒಂದು ತಮಾಷೆ. ಇಲ್ಲಿ ಅಂಗಡಿ ಅಂಗಡಿಯಲ್ಲೂ ಹಿಬಿಸ್ಕುಸ್ ಟೀ ಅಂತ ಸಿಗುತ್ತದೆ. ಕೆಂಪಗೆ ಒಣಗಿರುತ್ತದೆ, ನೋಡಿದರೆ ಆಸೆಯಾಗುತ್ತದೆ. ಅದು ನಮ್ಮ ಬೇಲಿ ದಾಸವಾಳ ಅಲ್ಲ, ಬಯಲುಸೀಮೆಯ ಪುಂಡಿಪಲ್ಲೆಯ ಜಾತಿ, ಹುಳಿ ಹುಳಿ. ತಲೆಗೆ ಹಚ್ಚಿದರೆ ಏನೂ ಪ್ರಯೋಜನವಿಲ್ಲ. ಕುಂಡದಲ್ಲಿ ನಿಜವಾದ ದಾಸವಾಳವನ್ನೂ ಮಾರುತ್ತಾರೆ, ಆದರೆ ಅಂಥ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ. ಹೊಸ ಚಿಗುರು ಬರುವವರೆಗೆ ಕೀಳಬಾರದು. ಇನ್ನು ಮೆಂತ್ಯ! ಅದನ್ನು ಕ್ಯಾಪ್ಸೂಲ್ ಮಾಡಿ, ಕೂದಲಿಗೆ ಒಳ್ಳೆಯದು ಅಂತ ಡಬ್ಬಿಯ ಮೇಲೆ ಬರೆದು ಔಷಧಿ ಅಂಗಡಿಯಲ್ಲಿ ಇಟ್ಟಿದ್ದಾರೆ. ನಿನ್ನ ಸಾಂಬಾರ ಡಬ್ಬಿಯ ಒಂದು ಖಾನೆಯಲ್ಲಿ ಇರುವಷ್ಟಕ್ಕೆ ಇಲ್ಲಿ ಒಂದು ಸಂಜೆಯ ಊಟದ ದುಡ್ಡು.

ಕೊಬ್ಬರಿ ಎಣ್ಣೆ ಇಲ್ಲಿ ಎಣ್ಣೆಯಲ್ಲ, ಗಟ್ಟಿ. 24 ಡಿಗ್ರಿಗಿಂತ ಕೆಳಗೆ ಇಳಿದರೆ ಹೆಪ್ಪುಗಟ್ಟುತ್ತದೆ, ನನ್ನ ಕೋಣೆಯೇ 20. ಪಾಲ್ಮಿನ್ ಅಂತ ಹಳೇ ಬ್ರ್ಯಾಂಡ್ ಒಂದಿದೆ, ಬಿಳೀ ಸೋಪಿನ ಗಟ್ಟಿಯ ಹಾಗೆ ಕಾಣುತ್ತದೆ. ಅದು ಕೊಬ್ಬರಿ ಕೊಬ್ಬೇ. ಇವರು ಅದನ್ನು ಚಾಕೊಲೇಟ್ ಜೊತೆ ಕರಗಿಸಿ ಬಿಸ್ಕತ್ತಿನ ಕೇಕ್ ಮಾಡುತ್ತಾರೆ! ಶುದ್ಧ ಮಾಡಿ ಮಾಡಿ ಅದರಲ್ಲಿ ವಾಸನೆಯೇ ಉಳಿದಿಲ್ಲ. ನಾನು ಗಾಣದ ಹಾಗೆ ತಣ್ಣಗೆ ತೆಗೆದದ್ದನ್ನೇ ತಂದೆ.

ಕೆಳಗಿನ ಮನೆಯ ಅಜ್ಜಿ ವಾಸನೆ ಹಿಡಿದು ಮೇಲೆ ಬಂದರು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಇಲ್ಲಿ ಭಾನುವಾರ ಗೋಡೆಗೆ ಮೊಳೆ ಹೊಡೆದರೂ ಪಕ್ಕದವರು ಬಾಗಿಲು ತಟ್ಟುತ್ತಾರೆ. ನೋಡಿದರೆ ಅವರ ಕೈಯಲ್ಲೊಂದು ಸೀಸೆ, ಒಳಗೆ ರಕ್ತದಂಥ ಕೆಂಪು ಎಣ್ಣೆ. ಜೂನ್ 24ರ ಹೊತ್ತಿಗೆ ಯೊಹಾನಿಸ್‌ಕ್ರೌಟ್ ಅನ್ನುವ ಹಳದಿ ಹೂ ಅರಳುತ್ತದೆ. ಅದನ್ನು ಆಲಿವ್ ಎಣ್ಣೆಯಲ್ಲಿ ಹಾಕಿ ಆರು ವಾರ ಕಿಟಕಿಯ ಬಿಸಿಲಲ್ಲಿ ಇಟ್ಟರೆ ಎಣ್ಣೆ ಕೆಂಪಾಗುತ್ತದೆ. ಕೂದಲಿಗಲ್ಲ, ಬೆನ್ನು ಸೊಂಟ ಉಜ್ಜಲು. ಕೂದಲಿಗೆ ಅವರ ತಾಯಿ ತುರಿಕೆ ಸೊಪ್ಪನ್ನು ವಿನೆಗರ್ ಹಾಕಿ ಕುದಿಸಿ ಹಚ್ಚುತ್ತಿದ್ದರಂತೆ. ಬಿಸಿಲು ಇರುವಾಗ ನೀವು ಯಾಕೆ ಇಷ್ಟು ಹೊತ್ತು ಒಲೆ ಉರಿಸುತ್ತೀರಿ ಅಂತ ಕೇಳಿದರು. ಜೂನ್ ತಿಂಗಳಲ್ಲಿ ನಮ್ಮೂರಲ್ಲಿ ಬಿಸಿಲು ಎಲ್ಲಿದೆ, ಸೀಸೆ ಹೊರಗಿಟ್ಟರೆ ಎಣ್ಣೆಗಿಂತ ಮೊದಲು ಬೂಷ್ಟು ತಯಾರಾಗುತ್ತದೆ ಅಂತ ಹೇಳಿದೆ. ನಮ್ಮ ಮಳೆ ಅವರಿಗೆ ಹೇಗೆ ಅರ್ಥವಾಗಬೇಕು. ಸುಮ್ನೆ ತಲೆ ಆಡಿಸಿದರು.

ಹದ ನೋಡುವುದೇ ಕಷ್ಟವಾಯಿತು. ನನ್ನದು ಬೆಂಕಿಯಿಲ್ಲದ ಇಂಡಕ್ಷನ್ ಒಲೆ. ಮೇಣದ ಬತ್ತಿ ಹಚ್ಚಿ, ಬಾಣಲೆಯ ಮುದ್ದೆಯನ್ನು ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು ಅದಕ್ಕೆ ಹಿಡಿದೆ. ಮೊದಲು ಚಟಪಟ ಅಂದಿತು. ನೀರಿದೆ ಅಂತ ಮತ್ತೆ ಸಣ್ಣ ಉರಿಗೆ ಇಟ್ಟೆ. ಆಮೇಲೆ ಸದ್ದಿಲ್ಲದೆ ಉರಿಯಿತು, ಎಣ್ಣೆಯ ಮೇಲೆ ನೊರೆಯೂ ಬಂತು. ಕೂಡಲೇ ಇಳಿಸಿದೆ, ಕರಕಲಾಗಿಲ್ಲ. ಇಷ್ಟನ್ನೂ ಕಿಟಕಿ ತೆಗೆದಿಟ್ಟು, ಹೊರಗಿನ ಚಳಿಯಲ್ಲಿ ಜಾಕೆಟ್ ಹಾಕಿಕೊಂಡು ಮಾಡಿದೆ. ಇಲ್ಲಿ ಮಲಗುವ ಕೋಣೆಯಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ ಕಡ್ಡಾಯ, ನನ್ನ ಅಡುಗೆಮನೆ, ಮಲಗುವ ಕೋಣೆ ಎಲ್ಲ ಒಂದೇ. ಎಣ್ಣೆ ಕಡು ಹಸಿರಾಗಿದೆ. ಚರಟ ಎಸೆದಿಲ್ಲ, ಮೊದಲ ದಿನ ಅದನ್ನೇ ತಲೆಗೆ ತಿಕ್ಕಿಕೊಂಡೆ. ನೋಡಿದೆಯಾ, ನೀನು ಹೇಳಿದ್ದು ಒಂದೂ ಬಿಟ್ಟಿಲ್ಲ. ಈಗ ನಾನು ಹೇಳುವುದನ್ನು ಕೇಳು.

ಎಣ್ಣೆಯ ಕೆಲಸ ಎಣ್ಣೆ ಮಾಡುತ್ತದೆ. 2003ರಲ್ಲಿ ನಮ್ಮ ದೇಶದ ಇಬ್ಬರು ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹಚ್ಚಿ ನೋಡಿದ್ದರು. ಕೂದಲಿನ ಒಳಗೆ ಇಳಿದು ಅದರ ಪ್ರೋಟೀನ್ ಹೋಗದ ಹಾಗೆ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. (ಎಣ್ಣೆ ಕಂಪನಿಯವರದೇ ಲ್ಯಾಬು ಅನ್ನುವುದನ್ನೂ ಹೇಳಿಬಿಡುತ್ತೇನೆ.) ಆದರೆ ಅದು ತಲೆಯ ಮೇಲಿರುವ ಕೂದಲಿನ ಮಾತು. ಮೈಯೊಳಗೆ ಏನೋ ಕೆಟ್ಟು ಕೂದಲು ಬುಡದಿಂದಲೇ ಬರುತ್ತಿದ್ದರೆ ಗರುಗ, ಬ್ರಾಹ್ಮಿ, ದಾಸವಾಳ ಯಾವುದೂ ಅದನ್ನು ಹಿಡಿದು ನಿಲ್ಲಿಸಲ್ಲ.

ಅಮ್ಮಾ, ನಿನ್ನ ಸುಸ್ತು ವಯಸ್ಸಿನದಲ್ಲ ಅನ್ನಿಸುತ್ತದೆ. ಸಂಕ್ರಾಂತಿ ಫೋಟೋದಲ್ಲಿ ನಿನ್ನ ಮುಖ ಊದಿದ ಹಾಗಿದೆ, ಹುಬ್ಬಿನ ತುದಿ ತೆಳ್ಳಗಾಗಿದೆ. ಬಚ್ಚಲೊಲೆ ಮುಂದಿಂದ ಏಳುವುದೇ ಇಲ್ಲ, ಅಷ್ಟು ಚಳಿ ಅಂತಾಳೆ ಅಂತ ಅಪ್ಪ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಫೋನಿನಲ್ಲಿ ನಿನ್ನ ದನಿ ದಪ್ಪ ಕೇಳಿಸುತ್ತದೆ, ಪ್ರತಿ ಸಲವೂ ಶೀತ ಅನ್ನುತ್ತೀಯ. ಸುಧಾ ಚಿಕ್ಕಿಗೂ ಹೀಗೇ ಶುರುವಾಗಿದ್ದು ಅಲ್ವಾ? ಅವಳೂ ಮೊದಲು ಎಣ್ಣೆ ಬದಲಾಯಿಸಿದಳು, ಸೀಗೆಕಾಯಿ ಬದಲಾಯಿಸಿದಳು, ಕೊನೆಗೆ ಥೈರಾಯ್ಡ್ ಅಂತ ಗೊತ್ತಾಯಿತು. ಅಕ್ಕ ತಂಗಿಯರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಬರುವುದುಂಟು. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಮಾತ್ರೆ ನುಂಗಿ, ಅರ್ಧ ಗಂಟೆ ಬಿಟ್ಟು ಕಾಫಿ ಕುಡಿದು, ತೋಟದಲ್ಲಿ ನಮಗಿಂತ ಜೋರಾಗಿ ನಡೆಯುತ್ತಾಳೆ.

ಹಾಗಾಗಿ ಈ ವಾರವೇ ಸಾಗರಕ್ಕೆ ಹೋಗಿ ಡಾಕ್ಟರಿಗೆ ತೋರಿಸು, ರಕ್ತ ಕೊಟ್ಟು ಬಾ. ಟಿಎಸ್‌ಎಚ್, ಹಿಮೋಗ್ಲೋಬಿನ್, ಫೆರಿಟಿನ್ ಅಂತ ಬೇರೆ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಅದನ್ನು ಅವರಿಗೆ ತೋರಿಸಿದರೆ ಸಾಕು. ಮೊದಲನೆಯದು ಥೈರಾಯ್ಡಿಗೆ. ಕಬ್ಬಿಣದಂಶ ಕಡಿಮೆಯಾದರೂ ಕೂದಲು ಉದುರುತ್ತದೆ, ಅದಕ್ಕೆ ಕೊನೆಯ ಎರಡು. ಇನ್ನೊಂದು ಮುಖ್ಯ. ಔಷಧಿ ಅಂಗಡಿಯವರು ಕೊಟ್ಟ ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಇರಬಹುದು. ಅದನ್ನು ನುಂಗುತ್ತಿದ್ದರೆ ಥೈರಾಯ್ಡ್ ರಿಪೋರ್ಟು ತಪ್ಪು ತೋರಿಸಬಹುದು. ಇವತ್ತೇ ನಿಲ್ಲಿಸು, ಎರಡು ಮೂರು ದಿನ ಬಿಟ್ಟು ರಕ್ತ ಕೊಡು, ಡಾಕ್ಟರಿಗೂ ಹೇಳು.

ಕೊಯ್ಲು ಮುಗಿಯಲಿ, ಅಜ್ಜಿಯನ್ನು ಬಿಟ್ಟು ಹೇಗೆ ಬರಲಿ ಅಂತ ಹೇಳಬೇಡ. ಮಂಜಣ್ಣನಿಗೆ ಆಗಲೇ ಹೇಳಿದ್ದೇನೆ, ಬುಧವಾರ ಬೆಳಿಗ್ಗೆ ಕಾರು ತರುತ್ತಾನೆ. ಅಜ್ಜಿ ಹತ್ತಿರ ಸುಧಾ ಚಿಕ್ಕಿ ಬಂದು ಇರುತ್ತಾಳೆ. ಅಪ್ಪನ ಖಾತೆಗೆ ದುಡ್ಡು ಹಾಕಿದ್ದೇನೆ. ಅಪ್ಪಾ, ನೀನೂ ಓದುತ್ತಿದ್ದೀಯ ಅಂತ ಗೊತ್ತು, ಅದು ತೋಟದ ಬೇಲಿಗಲ್ಲ.

ಹೆದರಬೇಡ ಅಮ್ಮಾ. ಹೆದರುವಂಥದ್ದು ಏನೂ ಇಲ್ಲ. ಥೈರಾಯ್ಡ್ ಆಗಿದ್ದರೂ ದೊಡ್ಡದೇನಲ್ಲ, ಊರಿಗೆ ಹತ್ತು ಜನಕ್ಕಿದೆ. ಆಗಿರದೆಯೂ ಇರಬಹುದು. ನಾನಂತೂ ಒಂಚೂರೂ ಹೆದರಿಲ್ಲ. ನಿನ್ನೆ ರಾತ್ರಿ ಎರಡು ಗಂಟೆವರೆಗೆ ಇದನ್ನೇ ಓದುತ್ತಾ ಕೂತಿದ್ದೆ ಅನ್ನುವುದು ಬೇರೆ ವಿಷಯ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನಿದ್ದೆ ಚೆನ್ನಾಗಿದೆ. ಕೂದಲು ಚೆನ್ನಾಗಿದೆ. ಕೆಲಸವೂ ಚೆನ್ನಾಗಿದೆ.

ಶಿರಸಿ ಹುಡುಗನ ವಿಷಯ ಕೇಳಿದ್ದೀಯ. ನಿನ್ನ ರಿಪೋರ್ಟಿನ ಫೋಟೋ ವಾಟ್ಸಾಪಿಗೆ ಬರಲಿ, ಅದೇ ಸಂಜೆ ಅವನಿಗೆ ಫೋನ್ ಮಾಡುತ್ತೇನೆ. ಬರದಿದ್ದರೆ ಇಲ್ಲ. ಇದು ನನ್ನ ಕೊನೆಯ ಮಾತು.

ಈ ಪತ್ರ ಒಯ್ಯುವ ರಘು ಭಾವನ ಸ್ನೇಹಿತರು ಕೆಳಗೆ ಬೆಲ್ ಒತ್ತುತ್ತಿದ್ದಾರೆ. ಚೀಟಿಯನ್ನು ಕವರಿನ ಒಳಗೇ ಇಟ್ಟಿದ್ದೇನೆ, ಕಳೆಯಬೇಡ. ಅಜ್ಜಿಗೆ ನಮಸ್ಕಾರ. ಗರುಗ ಇನ್ನೊಂದಿಷ್ಟು ಒಣಗಿಸಿಡು. ಬುಧವಾರ, ಮಂಜಣ್ಣ, ಎಂಟು ಗಂಟೆ.

ನಿನ್ನ
ಪುಟ್ಟಿ