ಹಲ್ಲಿನ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ, ಹಾಕಿಸಿಕೊಳ್ಳಲಿರುವವರಿಗೆ: ಮುಂದಿನ ತಿಂಗಳಿನ ಬದಲಾವಣೆ ಕುರಿತು

ನಮಸ್ಕಾರ.

ಮೆಟ್ಟಿಲ ಬಳಿಯಿದ್ದ ಹಳದಿ ಫಲಕ ಎಲ್ಲಿ ಹೋಯಿತೆಂದು ಹಲವರು ಕೇಳಿದ್ದೀರಿ. ಗಾಳಿಗೆ ಬಿದ್ದದ್ದಲ್ಲ, ನಾವೇ ಇಳಿಸಿದೆವು. ‘ಒಮ್ಮೆ ಕೂರಿಸಿದರೆ ಜೀವನಪೂರ್ತಿ ಚಿಂತೆಯಿಲ್ಲ’ ಎಂದು ಅದರಲ್ಲಿ ಬರೆಸಿದ್ದು ನಮ್ಮ ತಪ್ಪು. ಚೆನ್ನಾಗಿ ನೋಡಿಕೊಂಡರೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಕೃತಕ ಹಲ್ಲು, ಹತ್ತಾರು ವರ್ಷ ಬಾಳುತ್ತದೆ, ಅದು ನಿಜ. ಚಿಂತೆಯಿಲ್ಲ ಎಂಬುದು ನಿಜವಲ್ಲ. ಆ ಮಾತನ್ನು ನಂಬಿ ವರ್ಷಗಟ್ಟಲೆ ಈ ಕಡೆ ಬಾರದೆ, ಹಲ್ಲು ಅಲುಗಾಡಿದ ಮೇಲೆ ಬಂದ ಇಬ್ಬರ ಸ್ಕ್ರೂ ತೆಗೆಯಬೇಕಾಯಿತು. ಅವರ ಕ್ಷಮೆಯನ್ನು ಎದುರಿಗೇ ಕೇಳಿದ್ದೇವೆ. ನಿಮ್ಮೆಲ್ಲರದನ್ನು ಇಲ್ಲಿ ಕೇಳುತ್ತಿದ್ದೇವೆ.

ಮುಂದಿನ ತಿಂಗಳ 1ರಿಂದ, ಬಂದ ದಿನವೇ ಇಂಪ್ಲಾಂಟ್‌ಗೆ ದಿನಾಂಕ ಕೊಡುವುದಿಲ್ಲ. ಮೊದಲು ಒಸಡು ಶುಚಿಯಾಗಬೇಕು, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮತ್ತು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ ಕೈಗೆ ಬರಬೇಕು. ಹಲ್ಲು ಕೂರಿಸಿದ ಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ. ಮೊದಲ ವರ್ಷ ಅದಕ್ಕೆ ಶುಲ್ಕವಿಲ್ಲ, ಆಮೇಲೆ ಮಾಮೂಲಿ ಶುಚಿಗೊಳಿಸುವ ಶುಲ್ಕವಿದೆ. ತಪಾಸಣೆ ತಪ್ಪಿಸಿದವರಿಗೆ ನಮ್ಮ ಐದು ವರ್ಷದ ಭರವಸೆ ಅನ್ವಯಿಸುವುದಿಲ್ಲ. ಈ ಕೊನೆಯ ಮಾತು ಕಟುವಾಗಿದೆ, ಗೊತ್ತು. ಬರೆದು ಹೊಡೆದು ಮತ್ತೆ ಬರೆದದ್ದು.

‘ಸ್ಕ್ಯಾನ್ ಹೆಸರಿನಲ್ಲಿ ಇನ್ನೊಂದು ವಸೂಲಿ’ ಎಂದು ಕೆಳಗಿನ ಹೋಟೆಲಿನಲ್ಲಿ ಆಡಿಕೊಂಡದ್ದು ನಮ್ಮ ಕಿವಿಗೂ ಬಿದ್ದಿದೆ. ಸ್ಕ್ಯಾನ್ ಯಂತ್ರ ನಮ್ಮದಲ್ಲ. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ನಿಮಗೆ ಅನುಕೂಲವಾದ ಕಡೆ ಮಾಡಿಸಿ. ಆ ಹಣದಲ್ಲಿ ಒಂದು ರೂಪಾಯಿಯೂ ನಮಗೆ ಬರುವುದಿಲ್ಲ. ಸಾಮಾನ್ಯ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಕೆಳದವಡೆಯೊಳಗೆ ತುಟಿಗೆ ಹೋಗುವ ನರವಿದೆ, ಮೇಲ್ದವಡೆಯ ಮೇಲೆ ಗಾಳಿಯ ಗೂಡಿದೆ. ಮಿಲಿಮೀಟರ್ ಲೆಕ್ಕದ ಈ ಕೆಲಸವನ್ನು ಅಂದಾಜಿನ ಮೇಲೆ ಮಾಡುವ ಧೈರ್ಯ ನಮಗಿಲ್ಲ.

ಇನ್ನು ನಮ್ಮ ಖರ್ಚು. ನಿಮ್ಮ ಬಾಯಿಗೆ ಹೋಗುವುದು ಒಂದೇ ಸ್ಕ್ರೂ ಆದರೂ ಅದರ ಹಿಂದೆ ಬೇರೆ ಬೇರೆ ಉದ್ದ, ದಪ್ಪದ ಒಂದು ಪೆಟ್ಟಿಗೆ ಸ್ಕ್ರೂಗಳನ್ನು ಇಟ್ಟುಕೊಂಡಿರಬೇಕು. ಪ್ರತಿಯೊಂದಕ್ಕೂ ಅವಧಿ ಮುಗಿಯುವ ದಿನಾಂಕವಿದೆ; ಮುಗಿದದ್ದು ಕಸ. ಮೂಳೆ ಕೊರೆಯುವ ಬಿಟ್ ಮೊಂಡಾದರೆ ಮೂಳೆ ಬಿಸಿಯೇರಿ ಸಾಯುತ್ತದೆ, ಹಾಗಾಗಿ ಅದು ಕಣ್ಣಿಗೆ ಹೊಸದರಂತೆ ಕಾಣುವಾಗಲೇ ಎಸೆಯುತ್ತೇವೆ. ಕರೆಂಟು ಹೋದಾಗ ಆಟೋಕ್ಲೇವ್ (ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಯಂತ್ರ) ನಡೆಯುವುದು ಡೀಸೆಲ್‌ನಲ್ಲಿ. ಚಿಕಿತ್ಸೆಗೆ ನಿಮ್ಮಿಂದ ತೆರಿಗೆ ಪಡೆಯುವುದಿಲ್ಲ, ನಿಜ. ಸಾಮಗ್ರಿಗೆ ನಾವು ಕಟ್ಟಿದ ತೆರಿಗೆ ನಮಗೆ ವಾಪಸ್ಸು ಬರುವುದೂ ಇಲ್ಲ. ಇಷ್ಟಾದರೂ ಇಂಪ್ಲಾಂಟ್‌ನ ದರವನ್ನು ಈ ಬಾರಿ ಏರಿಸಿಲ್ಲ. ಇದನ್ನು ಮಾತ್ರ ಯಾರೂ ಹೋಟೆಲಿನಲ್ಲಿ ಹೇಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿದ ದೂರು: ‘ಬೇರೆ ಕಡೆ ಮೂರು ದಿನಕ್ಕೆ ಹಲ್ಲು ಕೊಡುತ್ತಾರೆ, ನಿಮ್ಮಲ್ಲಿ ಯಾಕೆ ನಾಲ್ಕೈದು ತಿಂಗಳು?’

ಬೇಗ ಹಲ್ಲು ಕೊಡುವುದು ಮೋಸವೆಂದು ನಾವು ಹೇಳುವುದಿಲ್ಲ. ಮೂಳೆ ಗಟ್ಟಿಯಿದ್ದು ಸ್ಕ್ರೂ ಬಿಗಿಯಾಗಿ ಕೂತರೆ ಕೆಲವರಿಗೆ ಅದು ಸಾಧ್ಯ; ಬಾಯಿಯ ಮುಂಭಾಗದಲ್ಲಿ ನಾವೂ ತಾತ್ಕಾಲಿಕ ಹಲ್ಲು ಕೊಟ್ಟದ್ದುಂಟು. ಎಲ್ಲರಿಗೂ ಆಗುವುದಿಲ್ಲ ಎಂಬುದಷ್ಟೇ ನಮ್ಮ ಮಾತು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮನುಷ್ಯರಿಗೆ ಟೈಟಾನಿಯಂ ಸ್ಕ್ರೂ ಹಾಕಲು ಆರಂಭಿಸಿದವರು. ಅವರ ಪದ್ಧತಿಯಲ್ಲಿ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯುತ್ತಿದ್ದರು. ಈಗ ಸ್ಕ್ರೂವಿನ ಮೈಯನ್ನು ಒರಟಾಗಿಸಿ ಆ ಕಾಲವನ್ನು ತಗ್ಗಿಸಿದ್ದಾರೆ, ಇಲ್ಲವಾಗಿಸಿಲ್ಲ.

ಗದ್ದೆ ಮಾಡಿದವರಿಗೆ ಇದನ್ನು ವಿವರಿಸುವುದು ಸುಲಭ. ನಾಟಿ ಹಾಕಿದ ದಿನ ಪೈರು ನೆಟ್ಟಗೆ ನಿಂತಿರುತ್ತದೆ, ಆದರೆ ನಿಂತಿರುವುದು ಕೆಸರಿನ ಹಿಡಿತದಲ್ಲಿ. ನಾಲ್ಕಾರು ದಿನಕ್ಕೆ ಬಾಡಿ ಹಳದಿಯಾಗುತ್ತದೆ, ಹೊಸ ಬೇರು ಬಂದ ಮೇಲೆಯೇ ಹಸಿರಾಗುವುದು. ಇಂಪ್ಲಾಂಟ್ ಕೂಡ ಮೊದಲ ದಿನ ನಿಲ್ಲುವುದು ಬರೀ ಬಿಗಿತದಿಂದ. ಸುತ್ತಲಿನ ಹಳೆಯ ಮೂಳೆ ಕರಗಿ ಹೊಸತು ಕಟ್ಟಿಕೊಳ್ಳುವ ನಡುವೆ, ಸುಮಾರು ಮೂರು ನಾಲ್ಕನೆಯ ವಾರದಲ್ಲಿ, ಆ ಹಿಡಿತ ಅತ್ಯಂತ ಸಡಿಲವಾಗಿರುತ್ತದೆ. ದುರದೃಷ್ಟವೆಂದರೆ ಆ ಹೊತ್ತಿಗೆ ನೋವು, ಊತ ಎರಡೂ ಹೋಗಿ ನಿಮಗೆ ಎಲ್ಲ ಸರಿಹೋಯಿತೆನಿಸುತ್ತದೆ. ಹಾಗೆನಿಸಿಯೇ ನಮ್ಮ ಹಿರಿಯರೊಬ್ಬರು ಸಂಕ್ರಾಂತಿಯ ಕಬ್ಬನ್ನು ಅದೇ ಕಡೆಯಿಂದ ಸಿಗಿದರು. ಸ್ಕ್ರೂ ಕೈಗೆ ಬಂತು. ಅವರು ಇದನ್ನು ಓದಿ ನಗುತ್ತಾರೆ, ಆದರೆ ಅಂದು ಅವರೂ ನಗಲಿಲ್ಲ, ನಾವೂ ನಗಲಿಲ್ಲ. ಆ ತಿಂಗಳುಗಳಿಗೆ ಮುದ್ದೆಯಷ್ಟು ಒಳ್ಳೆಯ ಊಟ ಬೇರೆ ಇಲ್ಲ, ಅಗಿಯುವ ಪ್ರಶ್ನೆಯೇ ಇಲ್ಲವಲ್ಲ. ಮೊದಲ ಎರಡು ದಿನ ತಣ್ಣಗಾದ ಮೇಲೆ ನುಂಗಿ. ಉಪ್ಸಾರಿನ ಖಾರ ಮಾತ್ರ ಕಡಿಮೆಯಿರಲಿ.

ಸಿದ್ಧತೆಯಲ್ಲಿ ದಯವಿಟ್ಟು ಏನನ್ನೂ ಮುಚ್ಚಿಡಬೇಡಿ. ಹಿಂದಿನ ದಿನ ಉಪವಾಸವಿದ್ದರೆ ಎಚ್‌ಬಿಎ1ಸಿ ಇಳಿಯುವುದಿಲ್ಲ. ಅದು ಶೇಕಡ 8 ದಾಟಿದ್ದರೆ ನಾವು ಮುಂದೂಡುತ್ತೇವೆ, ಬೈಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಚುಚ್ಚುಮದ್ದು ತೆಗೆದುಕೊಳ್ಳುವ ತಾಯಂದಿರು ಅದನ್ನು ಔಷಧಿಯ ಪಟ್ಟಿಗೇ ಸೇರಿಸುವುದಿಲ್ಲ. ಅದು ದವಡೆಯ ಗಾಯ ಮಾಯುವುದನ್ನು ತಡೆಯಬಲ್ಲದು, ನಮಗೆ ಹೇಳಲೇಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು ಎರಡು ವಾರ ಮೊದಲೇ ನಿಲ್ಲಬೇಕು, ಹಾಕಿಸಿಕೊಂಡ ಮೇಲೂ ಎರಡು ತಿಂಗಳು ಮುಟ್ಟಬಾರದು. ವೀಳ್ಯದೆಲೆಯ ಮೇಲೆ ನಮಗೆ ಸಿಟ್ಟಿಲ್ಲ, ಅದರೊಳಗೆ ಸುತ್ತಿ ಬರುವುದರ ಮೇಲೆ.

ಕೂರಿಸಿದ ಮೇಲೆ ನೆನಪಿಡಬೇಕಾದದ್ದು, ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಸುತ್ತಲಿನ ಒಸಡು, ಮೂಳೆ ಹಾಳಾಗಬಹುದು. ಸ್ವಂತ ಹಲ್ಲಿನ ಬೇರಿನ ಸುತ್ತ ಇರುವ, ನೋವು ಒತ್ತಡ ತಿಳಿಸುವ ತೆಳುಪೊರೆ ಇದಕ್ಕಿಲ್ಲ. ಆದ್ದರಿಂದ ಕೆಟ್ಟರೂ ಬಹುಕಾಲ ಸದ್ದಿಲ್ಲದೆ ಕೆಡುತ್ತದೆ. ಬ್ರಷ್ ಮಾಡುವಾಗ ರಕ್ತ ಕಂಡರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಮೆದು ಬ್ರಷ್‌ನಿಂದ ದಿನಕ್ಕೆರಡು ಸಲ, ಸಂದಿಗೆ ನಾವು ಕೊಡುವ ಚಿಕ್ಕ ಬ್ರಷ್. ಗುಂಡುಪಿನ್ನು, ಇದ್ದಿಲಪುಡಿ ಬೇಡ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಒಪ್ಪಂದವೇ ನಡೆಯುತ್ತದೆ, ಆದರೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಅವರಿಗೂ ಬೇಕು. ಹಳೆಯ ಇಂಪ್ಲಾಂಟ್ ಇರುವವರು ಈ ತಿಂಗಳೊಳಗೆ ಒಮ್ಮೆ ಬಂದು ತೋರಿಸಿಕೊಳ್ಳಿ, ಶುಲ್ಕವಿಲ್ಲ. ಸ್ಕ್ರೂವಿನ ಕಂಪನಿ, ಅಳತೆಯ ಚೀಟಿ ಅಂಟಿಸಿದ ಕಾರ್ಡ್ ಕಳೆದಿದ್ದರೆ ಗಾಬರಿಯಾಗಬೇಡಿ, ಪ್ರತಿ ನಮ್ಮ ಕಡತದಲ್ಲಿದೆ. ಮೆಟ್ಟಿಲು ಹತ್ತಲಾಗದವರು ಕೆಳಗಿನ ಔಷಧಿ ಅಂಗಡಿಯಲ್ಲಿ ಕೂತು ಹೇಳಿ ಕಳುಹಿಸಿ. ಟಾರ್ಚು, ಕನ್ನಡಿ ಹಿಡಿದು ನಾವೇ ಇಳಿದು ಬರುತ್ತೇವೆ, ಹಿಂದೆಯೂ ಬಂದಿದ್ದೇವೆ.

ಇಂತಿ,
ಮಹಡಿಯ ಮೇಲಿನ ನಿಮ್ಮ ದಂತ ಚಿಕಿತ್ಸಾಲಯ, ಮಂಡ್ಯ